ಕರೆದರೂ ಏಳದ ಕಂಪ್ಯೂಟರ್: ವೇಕ್-ಆನ್-ಲ್ಯಾನ್ ದೋಷ ನಿವಾರಣೆ ಕೈಪಿಡಿ

ಆರಿಸಿಟ್ಟ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಪಕ್ಕದ ಕೋಣೆಯಿಂದಲೋ ಬೇರೆ ಊರಿನಿಂದಲೋ ಎಬ್ಬಿಸುವ ವೇಕ್-ಆನ್-ಲ್ಯಾನ್ ವ್ಯವಸ್ಥೆ ಹೊಸದೇನಲ್ಲ. ಅದರ ತಿರುಳಾದ ಮ್ಯಾಜಿಕ್ ಪ್ಯಾಕೆಟ್ ಎಂಬ ಸಂದೇಶವನ್ನು ಎಎಂಡಿ ಸಂಸ್ಥೆ 1990ರ ದಶಕದ ನಡುಭಾಗದಲ್ಲಿ ರೂಪಿಸಿತು. 1997ರಲ್ಲಿ ಇಂಟೆಲ್ ಮತ್ತು ಐಬಿಎಂ ಜೊತೆಗೂಡಿ ಇಂದಿನ ಹೆಸರಿನಲ್ಲಿ ಅದನ್ನು ಬಳಕೆಗೆ ತಂದವು. ಇಷ್ಟು ಹಳೆಯದಾದರೂ ಇದು ಕೈಕೊಟ್ಟಾಗ ಕಾರಣ ಹುಡುಕುವುದು ತಲೆನೋವಿನ ಕೆಲಸ. ಕಳುಹಿಸುವ ಆ್ಯಪ್ ಪ್ರತಿಸಲವೂ ‘ಸಂದೇಶ ಕಳುಹಿಸಲಾಗಿದೆ’ ಎಂದೇ ಹೇಳುತ್ತದೆ, ಮಲಗಿರುವ ಕಂಪ್ಯೂಟರ್ ತನಗೆ ಅದು ಕೇಳಿಸಿತೋ ಇಲ್ಲವೋ ಎಂದು ಎಂದೂ ಉತ್ತರಿಸುವುದಿಲ್ಲ. ಆದ್ದರಿಂದ ಆ್ಯಪ್ ತೋರಿಸುವ ಹಸಿರು ಗುರುತನ್ನು ಈ ಹುಡುಕಾಟದಲ್ಲಿ ಸಾಕ್ಷಿಯೆಂದು ಪರಿಗಣಿಸಬಾರದು.

ಸಂದೇಶದಲ್ಲಿರುವುದು ಬಹಳ ಸರಳ: ಎಫ್‌ಎಫ್ ಎಂಬ ಬೈಟ್ 6 ಸಲ, ಅದರ ಹಿಂದೆಯೇ ಏಳಬೇಕಾದ ಕಂಪ್ಯೂಟರಿನ 6 ಬೈಟ್‌ಗಳ ಮ್ಯಾಕ್ ವಿಳಾಸ (ನೆಟ್‌ವರ್ಕ್ ಚಿಪ್‌ನ ಗುರುತಿನ ಸಂಖ್ಯೆ) 16 ಸಲ, ಒಟ್ಟು 102 ಬೈಟ್. ಕಂಪ್ಯೂಟರ್ ಆರಿದ್ದರೂ ಎಸ್‌ಎಂಪಿಎಸ್‌ನಿಂದ (ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಹೊಂದಿಸಿ ಕೊಡುವ ಪೆಟ್ಟಿಗೆ) 5 ವೋಲ್ಟ್‌ನ ಸ್ಟ್ಯಾಂಡ್‌ಬೈ ವಿದ್ಯುತ್ತು ಕಂಪ್ಯೂಟರಿನ ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ಹರಿಯುತ್ತಲೇ ಇರುತ್ತದೆ. ಆ ಕಿರು ವಿದ್ಯುತ್ತಿನಲ್ಲಿ ಎಚ್ಚರವಾಗಿರುವ ನೆಟ್‌ವರ್ಕ್ ಚಿಪ್ ತನ್ನ ವಿಳಾಸ ಹದಿನಾರು ಸಲ ಬಂದುದನ್ನು ಗುರುತಿಸಿ ಮದರ್‌ಬೋರ್ಡಿಗೆ ಸೂಚನೆ ಕೊಡುತ್ತದೆ. ಆಗ ಕಂಪ್ಯೂಟರಿಗೆ ಐಪಿ ವಿಳಾಸವೂ ಇರುವುದಿಲ್ಲ, ವಿಂಡೋಸ್‌ನ ಫೈರ್‌ವಾಲ್ ಕೂಡ ಓಡುತ್ತಿರುವುದಿಲ್ಲ. ಹೀಗಾಗಿ ಫೈರ್‌ವಾಲ್ ತೆರೆಯುವುದರಿಂದ ಹುಡುಕಾಟ ಆರಂಭಿಸಿದವರು ಸಾಮಾನ್ಯವಾಗಿ ವೃಥಾ ಶ್ರಮಪಡುತ್ತಾರೆ.

ಈ ವ್ಯವಸ್ಥೆಯ ಬಹುತೇಕ ದೋಷಗಳನ್ನು ಎರಡು ಪ್ರಶ್ನೆಗಳು ಬೇರ್ಪಡಿಸುತ್ತವೆ. ಕಂಪ್ಯೂಟರ್ ಆರಿದ್ದಾಗ ಅದರ ನೆಟ್‌ವರ್ಕ್ ಪೋರ್ಟ್‌ಗೆ ಜೀವವಿದೆಯೇ? ಕಳುಹಿಸಿದ ಸಂದೇಶ ಆ ಪೋರ್ಟ್‌ವರೆಗೆ ಬರುತ್ತಿದೆಯೇ? ಮೊದಲನೆಯದಕ್ಕೆ ಕೇಬಲ್ ಸಿಕ್ಕಿಸುವ ಜಾಗದ ಪುಟ್ಟ ದೀಪವೇ ಉತ್ತರ ಹೇಳುತ್ತದೆ, ಎರಡನೆಯದಕ್ಕೆ ಒಂದು ಉಚಿತ ತಂತ್ರಾಂಶ ಸಾಕು. ಇವೆರಡಕ್ಕೂ ಉತ್ತರ ಸಿಗುವವರೆಗೆ ಬಯಾಸ್‌ನಲ್ಲಾಗಲಿ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶ) ಡ್ರೈವರ್‌ನಲ್ಲಾಗಲಿ (ಚಿಪ್ ಮತ್ತು ವಿಂಡೋಸ್ ನಡುವಿನ ತಂತ್ರಾಂಶ) ಯಾವುದನ್ನೂ ಬದಲಿಸಬಾರದು ಎಂಬುದು ನನ್ನ ಸಲಹೆ. ಬದಲಿಸುತ್ತಾ ಹೋದರೆ ಯಾವ ಬದಲಾವಣೆ ಏನು ಮಾಡಿತು ಎಂಬುದೇ ಗೊತ್ತಾಗದಂತಾಗುತ್ತದೆ.

ಲಕ್ಷಣ: ಕಂಪ್ಯೂಟರ್ ಆರಿದೊಡನೆ ನೆಟ್‌ವರ್ಕ್ ಪೋರ್ಟ್‌ನ ದೀಪವೂ ಆರುತ್ತದೆ

ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಒಂದು ನಿಮಿಷ ಬಿಟ್ಟು ಹಿಂಬದಿಯ ಪೋರ್ಟ್ ನೋಡಬೇಕು. ಕೆಲವು ಮದರ್‌ಬೋರ್ಡುಗಳ ಪೋರ್ಟ್‌ನಲ್ಲಿ ದೀಪ ಮಂಕಾಗಿರುವುದರಿಂದ ಕೇಬಲ್‌ನ ಇನ್ನೊಂದು ತುದಿಯಲ್ಲಿ, ಅಂದರೆ ರೂಟರ್ ಅಥವಾ ನೆಟ್‌ವರ್ಕ್ ಸ್ವಿಚ್‌ನಲ್ಲಿ, ಅದೇ ಪೋರ್ಟ್‌ನ ದೀಪವನ್ನೂ ನೋಡುವುದು ಒಳ್ಳೆಯದು. ಎರಡೂ ಕಡೆ ಕತ್ತಲಾಗಿದ್ದರೆ ಚಿಪ್‌ಗೆ ವಿದ್ಯುತ್ತಿಲ್ಲ ಅಥವಾ ಕೇಬಲ್‌ನ ಸಂಪರ್ಕ ಕಡಿದಿದೆ ಎಂದರ್ಥ. ಆ ಸ್ಥಿತಿಯಲ್ಲಿ ಯಾವ ಆ್ಯಪ್‌ನಿಂದ ಎಷ್ಟು ಸಲ ಕರೆದರೂ ಪ್ರಯೋಜನವಿಲ್ಲ.

ಮೊದಲು ನೋಡಬೇಕಾದದ್ದು ಗೋಡೆಯ ಸ್ವಿಚ್. ನಮ್ಮ ಮನೆಗಳಲ್ಲಿ ಪ್ರತಿ ಸಾಕೆಟ್ಟಿಗೂ ಒಂದು ಸ್ವಿಚ್ ಇರುತ್ತದೆ, ಮಲಗುವ ಮುನ್ನ ಎಲ್ಲವನ್ನೂ ಆರಿಸುವ ಒಳ್ಳೆಯ ಅಭ್ಯಾಸವೂ ಇರುತ್ತದೆ. ನಾನೊಮ್ಮೆ ಮೂರು ಸಂಜೆಗಳನ್ನು ಡ್ರೈವರ್ ಬದಲಿಸುವುದರಲ್ಲಿ ಕಳೆದ ಮೇಲೆ ತಿಳಿದದ್ದೇನೆಂದರೆ, ನಾನು ಕಂಪ್ಯೂಟರ್ ಆರಿಸಿ ಹೋದ ಬೆನ್ನಿಗೇ ಅಮ್ಮ ಗೋಡೆಯ ಸ್ವಿಚ್ಚನ್ನೂ ಆರಿಸುತ್ತಿದ್ದರು. ಎಕ್ಸ್‌ಟೆನ್ಶನ್ ಬೋರ್ಡ್, ಯುಪಿಎಸ್ ಮತ್ತು ಎಸ್‌ಎಂಪಿಎಸ್ ಹಿಂಬದಿಯ ಸಣ್ಣ ಸ್ವಿಚ್, ಈ ಮೂರನ್ನೂ ಇದೇ ಸುತ್ತಿನಲ್ಲಿ ಪರೀಕ್ಷಿಸಬೇಕು.

ವಿದ್ಯುತ್ತು ಸರಿಯಿದ್ದೂ ದೀಪ ಉರಿಯದಿದ್ದರೆ ಬಯಾಸ್‌ಗೆ ಹೋಗಬೇಕು. ಅಲ್ಲಿ ಇಆರ್‌ಪಿ ಎಂಬ ಆಯ್ಕೆ ಇದ್ದರೆ ಅದನ್ನು ನಿಷ್ಕ್ರಿಯಗೊಳಿಸಬೇಕು. ಆರಿಸಿಟ್ಟ ಉಪಕರಣ ಅರ್ಧ ವ್ಯಾಟ್‌ಗಿಂತ ಹೆಚ್ಚು ಬಳಸಬಾರದೆಂದು ಯೂರೋಪಿನಲ್ಲಿ 2013ರಿಂದ ಜಾರಿಯಲ್ಲಿರುವ ನಿಯಮಕ್ಕೆ ಹೊಂದುವಂತೆ ಇಟ್ಟ ಆಯ್ಕೆ ಅದು. ಅದನ್ನು ಸಕ್ರಿಯಗೊಳಿಸಿದಾಗ ಮದರ್‌ಬೋರ್ಡ್ ನೆಟ್‌ವರ್ಕ್ ಚಿಪ್‌ನ ಸ್ಟ್ಯಾಂಡ್‌ಬೈ ವಿದ್ಯುತ್ತನ್ನೇ ಕಡಿದುಬಿಡುತ್ತದೆ. ಡೆಲ್ ಯಂತ್ರಗಳಲ್ಲಿ ಇದೇ ಕೆಲಸವನ್ನು ‘ಡೀಪ್ ಸ್ಲೀಪ್ ಕಂಟ್ರೋಲ್’ ಎಂಬ ಆಯ್ಕೆ ಮಾಡುತ್ತದೆ. ಇದರ ಜೊತೆಗೆ ಎಬ್ಬಿಸಲು ಅನುಮತಿ ಕೊಡುವ ಆಯ್ಕೆಯೂ ಸಕ್ರಿಯವಾಗಿರಬೇಕು. ಅದರ ಹೆಸರು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ: ಏಸುಸ್‌ನಲ್ಲಿ ‘ಪವರ್ ಆನ್ ಬೈ ಪಿಸಿಐ-ಇ’, ಎಂಎಸ್‌ಐನಲ್ಲಿ ‘ರೆಸ್ಯೂಮ್ ಬೈ ಪಿಸಿಐ-ಇ ಡಿವೈಸ್’, ಎಚ್‌ಪಿಯ ಕಚೇರಿ ಯಂತ್ರಗಳಲ್ಲಿ ‘ಎಸ್5 ವೇಕ್ ಆನ್ ಲ್ಯಾನ್’. ಕೆಲವು ಹೆಸರುಗಳಲ್ಲಿ ‘ಲ್ಯಾನ್’ ಎಂಬ ಪದವೇ ಇಲ್ಲದಿರುವುದರಿಂದ ತಮ್ಮ ಬೋರ್ಡಿನಲ್ಲಿ ಈ ಸೌಲಭ್ಯವೇ ಇಲ್ಲವೆಂದು ಅನೇಕರು ಕೈಬಿಡುತ್ತಾರೆ.

ಬಯಾಸ್‌ಗೆ ಕೈಹಾಕುವ ಮುನ್ನ ಒಂದು ಎಚ್ಚರಿಕೆ. ಡಿಸ್ಕ್‌ಗೆ ವಿಂಡೋಸ್‌ನ ಗೂಢಲಿಪಿ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ಕೆಲವು ಬದಲಾವಣೆಗಳ ನಂತರ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಬೇರೆ ಕಡೆ ಬರೆದಿಟ್ಟುಕೊಳ್ಳದೆ ಮುಂದುವರಿಯಬಾರದು.

ದೀಪ ಕೆಲವೊಮ್ಮೆ ಉರಿದು ಕೆಲವೊಮ್ಮೆ ಆರುತ್ತಿದ್ದರೆ ಸಂಶಯ ಕೇಬಲ್‌ನ ಮೇಲೆ ಬರಬೇಕು. ಆರಿದಾಗ ಚಿಪ್ ವಿದ್ಯುತ್ ಉಳಿಸಲು ಸಂಪರ್ಕದ ವೇಗವನ್ನು ಗಿಗಾಬಿಟ್‌ನಿಂದ 100 ಅಥವಾ 10 ಮೆಗಾಬಿಟ್‌ಗೆ ಇಳಿಸುತ್ತದೆ. ರೂಟರಿನ ದೀಪದ ಬಣ್ಣ ಆಗ ಬದಲಾಗುವುದು ಸಹಜ, ಅದು ದೋಷವಲ್ಲ. ಆದರೆ ನೆಟ್‌ವರ್ಕ್ ಸ್ವಿಚ್‌ನ ಪೋರ್ಟನ್ನು ಯಾರಾದರೂ ಗಿಗಾಬಿಟ್‌ಗೇ ಕಟ್ಟಿಹಾಕಿದ್ದರೆ ಕೆಳವೇಗದಲ್ಲಿ ಸಂಪರ್ಕ ಕೂಡುವುದಿಲ್ಲ. ಅದನ್ನು ‘ಆಟೋ’ಗೆ ಮರಳಿಸಬೇಕು.

ಲಕ್ಷಣ: ದೀಪ ಉರಿಯುತ್ತಿದೆ, ಕರೆದರೆ ಮಾತ್ರ ಏಳುವುದಿಲ್ಲ

ಇಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಬೇಕು. ಕಂಪ್ಯೂಟರನ್ನು ಚಾಲೂ ಮಾಡಿ, ಅದರಲ್ಲಿ ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಕೇಬಲ್ ಇರುವ ನೆಟ್‌ವರ್ಕ್ ಅಡಾಪ್ಟರನ್ನು ಆಯ್ದುಕೊಂಡು, ಫಿಲ್ಟರ್ ಜಾಗದಲ್ಲಿ ವೇಕ್-ಆನ್-ಲ್ಯಾನ್‌ನ ಇಂಗ್ಲಿಷ್ ಮೊದಲಕ್ಷರಗಳನ್ನು ಸಣ್ಣಕ್ಷರದಲ್ಲಿ (wol) ಬರೆಯಬೇಕು. ನಂತರ ಮೊಬೈಲಿನಿಂದ ಎಂದಿನಂತೆ ಕರೆ ಕಳುಹಿಸಬೇಕು. ಎಚ್ಚರವಾಗಿರುವ ಕಂಪ್ಯೂಟರನ್ನು ಎಬ್ಬಿಸಲು ಹೊರಡುವುದು ವಿಚಿತ್ರವಾಗಿ ಕಾಣಬಹುದು, ಆದರೆ ಸಂದೇಶ ಪೋರ್ಟ್‌ವರೆಗೆ ಬರುತ್ತಿದೆಯೇ ಎಂಬುದನ್ನು ಕಣ್ಣಾರೆ ನೋಡಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಪರದೆಯಲ್ಲಿ ಒಂದು ಸಾಲು ಮೂಡಿದರೆ ದಾರಿ ಸರಿಯಿದೆ. ಏನೂ ಮೂಡದಿದ್ದರೆ ದೋಷ ಕಂಪ್ಯೂಟರಿನದಲ್ಲ, ನಡುವಿನ ದಾರಿಯದು.

ಏನೂ ಮೂಡದಿದ್ದಾಗ ಮೊದಲ ಅನುಮಾನ ವೈಫೈ ಮೇಲೆ. ಮೊಬೈಲ್ ಅತಿಥಿಗಳಿಗೆಂದು ಇಟ್ಟ ಗೆಸ್ಟ್ ಜಾಲಕ್ಕೆ ಸೇರಿಕೊಂಡಿದ್ದರೆ ಅಲ್ಲಿಂದ ಮನೆಯ ಒಳಜಾಲಕ್ಕೆ ಏನೂ ಹೋಗುವುದಿಲ್ಲ. ಎರಡನೆಯದು, ಒಂದರ ಹಿಂದೆ ಒಂದು ಕೂತಿರುವ ಎರಡು ರೂಟರ್‌ಗಳು. ಫೈಬರ್ ಸಂಪರ್ಕ ಕೊಟ್ಟವರ ಪೆಟ್ಟಿಗೆಯೂ ಒಂದು ರೂಟರೇ. ಅದಕ್ಕೆ ನಾವು ಅಂಗಡಿಯಿಂದ ತಂದ ಇನ್ನೊಂದನ್ನು ಸಿಕ್ಕಿಸಿದರೆ ಮನೆಯೊಳಗೆ ಎರಡು ಬೇರೆ ಜಾಲಗಳು ಹುಟ್ಟಿಕೊಳ್ಳುತ್ತವೆ. ಕಂಪ್ಯೂಟರಿನ ಐಪಿ ವಿಳಾಸ 192.168.1 ಎಂದು ಆರಂಭವಾಗಿ ಮೊಬೈಲಿನದು 192.168.0 ಎಂದು ಆರಂಭವಾಗುತ್ತಿದ್ದರೆ ಬಹುಪಾಲು ಆಗಿರುವುದು ಇದೇ. ಕರೆಯ ಸಂದೇಶ ಒಂದು ಜಾಲದೊಳಗಿನ ಎಲ್ಲರಿಗೂ ಕೂಗಿ ಹೇಳುವ ಬ್ರಾಡ್‌ಕಾಸ್ಟ್, ಅದು ರೂಟರನ್ನು ದಾಟುವುದಿಲ್ಲ. ಎರಡನೆಯ ರೂಟರನ್ನು, ಹೊಸ ಜಾಲ ಕಟ್ಟದೆ ಇರುವ ಜಾಲವನ್ನೇ ಹಬ್ಬಿಸುವ ಆ್ಯಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಿಸಿದರೆ ಎರಡೂ ಒಂದೇ ಜಾಲವಾಗುತ್ತವೆ. ಲ್ಯಾಪ್‌ಟಾಪಿನಿಂದ ಕರೆಯುವವರು ಅದರಲ್ಲಿ ಕಚೇರಿಯ ವಿಪಿಎನ್ (ಇಂಟರ್‌ನೆಟ್ ಮೂಲಕ ದೂರದ ಜಾಲಕ್ಕೆ ಸೇರಿಸುವ ಖಾಸಗಿ ಸುರಂಗ) ಚಾಲೂ ಇದೆಯೇ ಎಂದು ನೋಡಬೇಕು. 255.255.255.255 ಎಂಬ ವಿಳಾಸಕ್ಕೆ ಕೂಗಿದ ಕೂಗು ಮನೆಯ ಜಾಲಕ್ಕೆ ಹೋಗದೆ ವಿಪಿಎನ್ ಕಡೆ ಹೊರಟುಬಿಡಬಹುದು. 192.168.1.255 ಎಂಬಂತೆ ತಮ್ಮ ಜಾಲದ ಕೊನೆಯ ವಿಳಾಸವನ್ನೇ ಕೊಡುವುದು ಹೆಚ್ಚು ಸುರಕ್ಷಿತ.

ಸಾಲು ಮೂಡಿತು, ಆದರೂ ಕಂಪ್ಯೂಟರ್ ಏಳುವುದಿಲ್ಲ ಎಂದಾದರೆ ಆ ಸಾಲಿನೊಳಗಿನ ಮ್ಯಾಕ್ ವಿಳಾಸವನ್ನು ಅಡಾಪ್ಟರಿನ ವಿಳಾಸದೊಂದಿಗೆ ಒಂದೊಂದೇ ಅಕ್ಷರವಾಗಿ ಹೋಲಿಸಬೇಕು. ವೈಫೈಗೆ ಒಂದು, ಕೇಬಲ್‌ಗೆ ಒಂದು, ವರ್ಚುವಲ್‌ಬಾಕ್ಸ್ ಅಥವಾ ಹೈಪರ್-ವಿಯಂಥ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶಗಳನ್ನು ಹಾಕಿದ್ದರೆ ಅವುಗಳಿಗೂ ಬೇರೆ ಬೇರೆ ವಿಳಾಸಗಳಿರುತ್ತವೆ, ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ನಕಲಿಸಿಕೊಳ್ಳುವ ತಪ್ಪು ಎಲ್ಲರಿಂದಲೂ ಆಗುತ್ತದೆ. ಮದರ್‌ಬೋರ್ಡ್ ಬದಲಿಸಿದ ಮೇಲೆ ಹಳೆಯ ವಿಳಾಸವೇ ಆ್ಯಪ್‌ನಲ್ಲಿ ಉಳಿದಿರುವುದೂ ಉಂಟು. ಸಂದೇಶ 7ನೆಯ ಪೋರ್ಟ್‌ಗೆ (ಕೇಬಲ್ ಸಿಕ್ಕಿಸುವ ಜಾಗವಲ್ಲ, ಸಂದೇಶದ ಮೇಲೆ ಬರೆಯುವ ಬಾಗಿಲಿನ ಸಂಖ್ಯೆ) ಹೋಗಬೇಕೋ 9ನೆಯದಕ್ಕೋ ಎಂಬ ಚರ್ಚೆಗೆ ಇಲ್ಲಿ ಅರ್ಥವಿಲ್ಲ. ಚಿಪ್ ನೋಡುವುದು ಒಳಗಿನ ವಿಳಾಸದ ಸರಣಿಯನ್ನು ಮಾತ್ರ, ಪೋರ್ಟ್ ಸಂಖ್ಯೆಯನ್ನಲ್ಲ.

ಡೆಸ್ಕ್‌ಟಾಪನ್ನೇ ವೈಫೈ ಮೂಲಕ ಎಬ್ಬಿಸಲು ಹೊರಟವರಿಗೆ ಒಂದು ಮಾತು. ಶಟ್‌ಡೌನ್ ಆದ ಯಂತ್ರದಲ್ಲಿ ವೈಫೈ ಸಂಪರ್ಕ ಸಾಮಾನ್ಯವಾಗಿ ಉಳಿಯುವುದಿಲ್ಲ, ಯುಎಸ್‌ಬಿಗೆ ಸಿಕ್ಕಿಸುವ ನೆಟ್‌ವರ್ಕ್ ಅಡಾಪ್ಟರ್‌ಗಳಲ್ಲಿ ಬಹುತೇಕವು ಆ ಸ್ಥಿತಿಯಿಂದ ಎಬ್ಬಿಸಲಾರವು. ಕೇಬಲ್ ಎಳೆಯುವುದೇ ನೇರ ಪರಿಹಾರ.

ಲಕ್ಷಣ: ನಿದ್ರೆಯಿಂದ ಏಳುತ್ತದೆ, ಶಟ್‌ಡೌನ್ ಆದರೆ ಏಳುವುದಿಲ್ಲ

ಈ ಒಂದು ಲಕ್ಷಣ ಬಹಳಷ್ಟನ್ನು ಹೇಳಿಬಿಡುತ್ತದೆ. ಕೇಬಲ್, ಮ್ಯಾಕ್ ವಿಳಾಸ, ಕಳುಹಿಸುವ ಆ್ಯಪ್ ಮೂರೂ ಸರಿಯಿವೆ ಎಂದು ಇಲ್ಲಿಗೇ ಸಾಬೀತಾಗುತ್ತದೆ. ಉಳಿದದ್ದು ಶಟ್‌ಡೌನ್ ಹೊತ್ತಿನಲ್ಲಿ ವಿಂಡೋಸ್ ಅಥವಾ ಬಯಾಸ್ ಚಿಪ್‌ಗೆ ಏನು ಹೇಳಿ ಹೋಗುತ್ತದೆ ಎಂಬುದು ಮಾತ್ರ.

ವಿಂಡೋಸ್ 8ರಿಂದೀಚೆಗೆ ‘ಶಟ್‌ಡೌನ್’ ಒತ್ತಿದಾಗ ಯಂತ್ರ ಪೂರ್ತಿಯಾಗಿ ಆರುವುದಿಲ್ಲ. ಬೇಗ ಚಾಲೂ ಆಗಲೆಂದು ವ್ಯವಸ್ಥೆಯ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಇದನ್ನೇ ಫಾಸ್ಟ್ ಸ್ಟಾರ್ಟಪ್ ಎನ್ನುತ್ತಾರೆ. ಈ ಸ್ಥಿತಿಗೆ ಹೋಗುವಾಗ ವಿಂಡೋಸ್ ನೆಟ್‌ವರ್ಕ್ ಅಡಾಪ್ಟರನ್ನು ಕರೆಗೆ ಓಗೊಡಲು ಸಜ್ಜುಗೊಳಿಸುವುದಿಲ್ಲ. ಪರೀಕ್ಷೆ ಸುಲಭ: ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿದರೆ ಆ ಒಂದು ಸಲಕ್ಕೆ ಪೂರ್ಣ ಶಟ್‌ಡೌನ್ ಆಗುತ್ತದೆ. ಆಗ ಕರೆದರೆ ಎದ್ದಿತೆಂದರೆ ಕಾರಣ ಸಿಕ್ಕಂತೆಯೇ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಗುರುತನ್ನು ಶಾಶ್ವತವಾಗಿ ತೆಗೆಯಬಹುದು.

ಆಗಲೂ ಏಳದಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು ಕೇಬಲ್ ಅಡಾಪ್ಟರಿನ ಗುಣಲಕ್ಷಣಗಳನ್ನು ನೋಡಬೇಕು. ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಕಂಪ್ಯೂಟರನ್ನು ಎಬ್ಬಿಸಲು ಈ ಸಾಧನಕ್ಕೆ ಅನುಮತಿ ಕೊಡುವ ಗುರುತು ಇರಬೇಕು. ಅಡ್ವಾನ್ಸ್ಡ್ ಪುಟದಲ್ಲಿ ‘ವೇಕ್ ಆನ್ ಮ್ಯಾಜಿಕ್ ಪ್ಯಾಕೆಟ್’ ಸಕ್ರಿಯವಾಗಿರಬೇಕು. ರಿಯಲ್‌ಟೆಕ್ ಚಿಪ್ ಆದರೆ ‘ಶಟ್‌ಡೌನ್ ವೇಕ್-ಆನ್-ಲ್ಯಾನ್’ ಎಂಬ ಇನ್ನೊಂದು ಸಾಲೂ ಇರುತ್ತದೆ. ನಿದ್ರೆಯಿಂದ ಎದ್ದು ಶಟ್‌ಡೌನ್‌ನಿಂದ ಏಳದ ಯಂತ್ರಗಳಲ್ಲಿ ಹಲವು ಸಲ ಅಪರಾಧಿ ಈ ಒಂದೇ ಸಾಲು. ಈ ಸಾಲುಗಳೇ ಕಾಣದಿದ್ದರೆ ವಿಂಡೋಸ್ ತಾನಾಗಿ ಹಾಕಿಕೊಂಡ ಸಾಮಾನ್ಯ ಡ್ರೈವರ್ ಓಡುತ್ತಿರಬಹುದು. ಮದರ್‌ಬೋರ್ಡ್ ತಯಾರಕರ ತಾಣದಿಂದ ಸರಿಯಾದ ಡ್ರೈವರ್ ಇಳಿಸಿಕೊಂಡರೆ ಅವು ಪ್ರತ್ಯಕ್ಷವಾಗುತ್ತವೆ. ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮರುದಿನ ‘ನಿನ್ನೆಯವರೆಗೆ ಸರಿಯಿತ್ತು’ ಎಂಬ ದೂರು ಬಂದರೂ ಇದೇ ಪುಟವನ್ನು ಮೊದಲು ತೆರೆಯಬೇಕು.

ಇಷ್ಟೆಲ್ಲ ಆದ ಮೇಲೂ ಪೂರ್ಣ ಶಟ್‌ಡೌನ್‌ನಿಂದ ಏಳಲು ಒಪ್ಪದ ಮದರ್‌ಬೋರ್ಡುಗಳಿವೆ. ಅವುಗಳೊಂದಿಗೆ ಹಟಕ್ಕೆ ಬೀಳುವ ಬದಲು ಶಟ್‌ಡೌನ್ ಬಿಟ್ಟು ಹೈಬರ್ನೇಟ್ (ತೆರೆದ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಆರುವ ವಿಧಾನ) ಬಳಸುವುದು ಜಾಣತನ. ಹೈಬರ್ನೇಟ್ ಮಾಡುವಾಗ ವಿಂಡೋಸ್ ಅಡಾಪ್ಟರನ್ನು ಸಜ್ಜುಗೊಳಿಸಿಯೇ ಹೋಗುತ್ತದೆ, ವಿದ್ಯುತ್ ಬಳಕೆಯಲ್ಲೂ ಶಟ್‌ಡೌನ್‌ಗೂ ಅದಕ್ಕೂ ಗಮನಕ್ಕೆ ಬರುವಷ್ಟು ವ್ಯತ್ಯಾಸವಿಲ್ಲ.

ಲಿನಕ್ಸ್ ಬಳಸುವವರು ಈಥ್‌ಟೂಲ್ ಆಜ್ಞೆಗೆ ಅಡಾಪ್ಟರಿನ ಹೆಸರು ಕೊಟ್ಟು ಬರುವ ಉತ್ತರದಲ್ಲಿ ‘ವೇಕ್-ಆನ್’ ಸಾಲನ್ನು ನೋಡಬೇಕು. ಅಲ್ಲಿ ‘ಜಿ’ ಅಕ್ಷರವಿದ್ದರೆ ಮ್ಯಾಜಿಕ್ ಪ್ಯಾಕೆಟ್‌ಗೆ ಸಿದ್ಧ, ‘ಡಿ’ ಇದ್ದರೆ ನಿಷ್ಕ್ರಿಯ. ಅದರ ಮೇಲಿನ, ಚಿಪ್‌ನ ಸಾಮರ್ಥ್ಯ ಹೇಳುವ ಸಾಲಿನಲ್ಲೇ ‘ಜಿ’ ಇಲ್ಲದಿದ್ದರೆ ಆ ಚಿಪ್ ಅಥವಾ ಡ್ರೈವರ್‌ಗೆ ಈ ವಿದ್ಯೆಯೇ ಗೊತ್ತಿಲ್ಲ. ಈಥ್‌ಟೂಲ್‌ನಿಂದ ಬದಲಿಸಿದ್ದು ಮುಂದಿನ ಸಲ ಯಂತ್ರ ಚಾಲೂ ಆಗುವಾಗ ಅಳಿಸಿಹೋಗುವ ಸಾಧ್ಯತೆಯಿದೆ. ಒಂದು ಸಲ ಎದ್ದು ಎರಡನೆಯ ಸಲ ಏಳದ ಲಿನಕ್ಸ್ ಯಂತ್ರದ ರಹಸ್ಯ ಅದೇ. ಶಾಶ್ವತವಾಗಿ ಉಳಿಸಲು ನೆಟ್‌ವರ್ಕ್‌ಮ್ಯಾನೇಜರ್‌ನ ಸಂಪರ್ಕ ವಿವರದಲ್ಲಿ ಇದನ್ನು ಬರೆಯಬೇಕು. ವಿದ್ಯುತ್ ಉಳಿಸಲು ಟಿಎಲ್‌ಪಿ ಎಂಬ ತಂತ್ರಾಂಶ ಹಾಕಿದ್ದರೆ ಅದು ತನ್ನಷ್ಟಕ್ಕೆ ವೇಕ್-ಆನ್-ಲ್ಯಾನ್ ಅನ್ನು ನಿಷ್ಕ್ರಿಯಗೊಳಿಸುತ್ತದೆ ಎಂಬುದನ್ನೂ ನೆನಪಿಡಬೇಕು.

ಲಕ್ಷಣ: ಕರೆಂಟ್ ಹೋಗಿ ಬಂದ ಮೇಲೆ ಏಳುವುದನ್ನೇ ನಿಲ್ಲಿಸಿದೆ

ವಿದ್ಯುತ್ತು ಪೂರ್ತಿ ಕಡಿದಾಗ ಚಿಪ್ ತನಗೆ ಹೇಳಿದ್ದನ್ನೆಲ್ಲ ಮರೆಯುತ್ತದೆ. ಅನೇಕ ಯಂತ್ರಗಳಲ್ಲಿ ಅದನ್ನು ಮತ್ತೆ ಸಜ್ಜುಗೊಳಿಸುವುದು ವಿಂಡೋಸ್‌ನ ಡ್ರೈವರ್. ಅಂದರೆ ಯಾರಾದರೂ ಒಮ್ಮೆ ಗುಂಡಿ ಒತ್ತಿ ಚಾಲೂ ಮಾಡಿ, ಕ್ರಮವಾಗಿ ಶಟ್‌ಡೌನ್ ಮಾಡುವವರೆಗೆ ಅದು ಕಿವುಡಾಗಿಯೇ ಇರುತ್ತದೆ. ಮನೆಯಲ್ಲಿ ಯಾರೂ ಇಲ್ಲದಿದ್ದಾಗ ಮಳೆಗಾಲದ ಒಂದೇ ಒಂದು ಕರೆಂಟ್ ಕಟ್ ಸಾಕು, ಊರಿಗೆ ಮರಳುವವರೆಗೆ ಆ ಕಂಪ್ಯೂಟರ್ ನಿಮ್ಮ ಪಾಲಿಗಿಲ್ಲ.

ಇದಕ್ಕೆ ಖರ್ಚಿಲ್ಲದ ಪರಿಹಾರ ಬಯಾಸ್‌ನಲ್ಲೇ ಇದೆ. ವಿದ್ಯುತ್ತು ಮರಳಿದಾಗ ಏನು ಮಾಡಬೇಕೆಂದು ಕೇಳುವ ಆಯ್ಕೆ, ಸಾಮಾನ್ಯವಾಗಿ ‘ರಿಸ್ಟೋರ್ ಎಸಿ ಪವರ್ ಲಾಸ್’ ಎಂಬ ಹೆಸರಿನದು, ‘ಪವರ್ ಆನ್’ ಎಂದಿದ್ದರೆ ಕರೆಂಟ್ ಬಂದೊಡನೆ ಯಂತ್ರ ತಾನೇ ಚಾಲೂ ಆಗುತ್ತದೆ. ಸ್ವಲ್ಪ ಹೊತ್ತು ಬಳಕೆಯಿಲ್ಲದಿದ್ದರೆ ನಿದ್ರೆಗೋ ಹೈಬರ್ನೇಟ್‌ಗೋ ಜಾರುವಂತೆ ವಿಂಡೋಸ್‌ನಲ್ಲಿ ಹೊಂದಿಸಿಟ್ಟರೆ ಅಡಾಪ್ಟರ್ ಮತ್ತೆ ಸಜ್ಜಾಗುತ್ತದೆ. ಆದರೆ ಕರೆಂಟ್ ಪದೇ ಪದೇ ಹೋಗಿ ಬರುವ ಜಾಗದಲ್ಲಿ ಈ ಆಯ್ಕೆಯನ್ನು ಯುಪಿಎಸ್ ಇಲ್ಲದೆ ಬಳಸಬಾರದು. ಅರ್ಧ ಚಾಲೂ ಆದ ಯಂತ್ರದ ವಿದ್ಯುತ್ತು ಮತ್ತೆ ಮತ್ತೆ ಕಡಿದರೆ ಡಿಸ್ಕಿನ ಮೇಲಿನ ಕಡತಗಳು ಕೆಡುತ್ತವೆ. ರೂಟರನ್ನೂ ಫೈಬರ್ ಪೆಟ್ಟಿಗೆಯನ್ನೂ ಅದೇ ಯುಪಿಎಸ್‌ಗೆ ಕೊಡದಿದ್ದರೆ ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಕೊಟ್ಟು ಏನೂ ಸಾಧಿಸಿದಂತಾಗುವುದಿಲ್ಲ.

ಪ್ರತಿ ಕರೆಂಟ್ ಕಟ್‌ನ ನಂತರ ಬಯಾಸ್‌ನ ಆಯ್ಕೆಗಳೇ ಮೊದಲಿನಂತಾಗುತ್ತಿದ್ದರೆ, ಜೊತೆಗೆ ದಿನಾಂಕವೂ ಹಿಂದಕ್ಕೆ ಹೋಗುತ್ತಿದ್ದರೆ, ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಮುಗಿದಿದೆ. ವಾಚ್ ಅಂಗಡಿಯಲ್ಲೂ ಅದು ಸಿಗುತ್ತದೆ. ಬದಲಿಸುವ ಮುನ್ನ ಗೋಡೆಯ ಪ್ಲಗ್ಗನ್ನೇ ಕಿತ್ತು, ಕಂಪ್ಯೂಟರಿನ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಬೇಕು. ಕಂಪ್ಯೂಟರ್ ಆರಿದೆ ಎಂದ ಮಾತ್ರಕ್ಕೆ ಮದರ್‌ಬೋರ್ಡಿನಲ್ಲಿ ವಿದ್ಯುತ್ತಿಲ್ಲ ಎಂದಲ್ಲ. ಈ ಕೈಪಿಡಿಯ ವಿಷಯವೇ ಆ ಸ್ಟ್ಯಾಂಡ್‌ಬೈ ವಿದ್ಯುತ್ತು.

ಲಕ್ಷಣ: ಆರಿಸಿದ ಕೆಲವು ನಿಮಿಷ ಏಳುತ್ತದೆ, ಆಮೇಲೆ ಏಳುವುದಿಲ್ಲ

ಇದನ್ನು ಕಂಡವರು ಯಂತ್ರ ‘ಗಾಢ ನಿದ್ರೆಗೆ’ ಜಾರಿತೆಂದು ಭಾವಿಸುತ್ತಾರೆ. ನಿಜದಲ್ಲಿ ಮರೆವು ರೂಟರಿನದು. ಆ್ಯಪ್‌ನಲ್ಲಿ ಬ್ರಾಡ್‌ಕಾಸ್ಟ್ ವಿಳಾಸದ ಬದಲು ಕಂಪ್ಯೂಟರಿನ ಐಪಿ ವಿಳಾಸವನ್ನೇ ಕೊಟ್ಟಿದ್ದರೆ, ಆ ಐಪಿಗೆ ಯಾವ ಮ್ಯಾಕ್ ಎಂಬ ನೆನಪು ರೂಟರಿನಲ್ಲೋ ಮೊಬೈಲಿನಲ್ಲೋ ಇರುವಷ್ಟು ಹೊತ್ತು ಮಾತ್ರ ಸಂದೇಶ ತಲುಪುತ್ತದೆ. ನೆನಪಿನ ಅವಧಿ ಮುಗಿದ ಮೇಲೆ ‘ಈ ಐಪಿ ಯಾರದು?’ ಎಂದು ಕೇಳಿದರೆ ಉತ್ತರಿಸಲು ಕಂಪ್ಯೂಟರ್ ಎಚ್ಚರವಾಗಿರುವುದಿಲ್ಲ. ವಿಳಾಸದ ಕೊನೆಯ ಅಂಕಿಯನ್ನು 255 ಮಾಡುವುದರಿಂದ ಸಾಮಾನ್ಯ ಮನೆಯ ಜಾಲದಲ್ಲಿ ಇದು ಬಗೆಹರಿಯುತ್ತದೆ.

ಲಕ್ಷಣ: ಮನೆಯೊಳಗಿಂದ ಏಳುತ್ತದೆ, ಹೊರಗಿನಿಂದ ಏಳುವುದಿಲ್ಲ

ಹೊರಗಿನಿಂದ ಬರುವ ಸಂದೇಶಕ್ಕೆ ಎರಡು ಬಾಗಿಲುಗಳು ಅಡ್ಡ. ಮೊದಲನೆಯದು ಇಂಟರ್‌ನೆಟ್ ಕೊಡುವವರ ಬಾಗಿಲು. ಐಪಿವಿ4 ವಿಳಾಸಗಳ ಕೊರತೆಯಿಂದಾಗಿ ಅನೇಕ ಸಂಸ್ಥೆಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ರೂಟರಿನ ಪುಟದಲ್ಲಿ ‘ವ್ಯಾನ್’ (ಹೊರಜಾಲದ) ವಿಳಾಸ 100.64ರಿಂದ 100.127ರವರೆಗಿನ ಯಾವುದರಿಂದಲಾದರೂ ಆರಂಭವಾಗುತ್ತಿದ್ದರೆ, ಅಥವಾ ನನ್ನ ಐಪಿ ಯಾವುದೆಂದು ತೋರಿಸುವ ತಾಣಗಳು ಹೇಳುವ ವಿಳಾಸಕ್ಕೂ ಇದಕ್ಕೂ ಹೊಂದಿಕೆಯಿಲ್ಲದಿದ್ದರೆ, ನಿಮ್ಮ ರೂಟರಿನಲ್ಲಿ ಎಷ್ಟೇ ಪೋರ್ಟ್ ತೆರೆದರೂ ಹೊರಗಿನ ಕರೆ ಒಳಗೆ ಬಾರದು. ಎರಡನೆಯ ಬಾಗಿಲು ನಿಮ್ಮದೇ ರೂಟರ್. ಹೊರಗಿನಿಂದ ಬಂದದ್ದನ್ನು ಇಡೀ ಒಳಜಾಲಕ್ಕೆ ಬ್ರಾಡ್‌ಕಾಸ್ಟ್ ಮಾಡುವುದನ್ನು ದಾಳಿಕೋರರು ದುರ್ಬಳಕೆ ಮಾಡಿಕೊಂಡದ್ದರಿಂದ, ರೂಟರ್‌ಗಳು ಮೊದಲಿನಿಂದಲೇ ಅದನ್ನು ತಡೆಹಿಡಿದಿರಬೇಕೆಂಬ ನಿಯಮ 1999ರಲ್ಲೇ ಬಂದಿದೆ.

ಪೋರ್ಟ್ ಫಾರ್ವರ್ಡಿಂಗ್‌ನಿಂದ (ಹೊರಗಿನ ಸಂದೇಶವನ್ನು ಒಳಗಿನ ಸಾಧನಕ್ಕೆ ದಾಟಿಸುವಂತೆ ರೂಟರಿಗೆ ಹೇಳುವುದು) ಈ ಬಾಗಿಲನ್ನು ಒದ್ದು ತೆರೆಯುವ ಸಲಹೆಗಳು ಧಾರಾಳವಾಗಿ ಸಿಗುತ್ತವೆ. ನಾನು ಅದನ್ನು ಸೂಚಿಸುವುದಿಲ್ಲ. ಮ್ಯಾಜಿಕ್ ಪ್ಯಾಕೆಟ್‌ಗೆ ಬೀಗವಿಲ್ಲ. ಮ್ಯಾಕ್ ವಿಳಾಸ ಗೊತ್ತಿರುವ ಯಾರು ಕರೆದರೂ ಯಂತ್ರ ಏಳುತ್ತದೆ. ಕೆಲವು ಚಿಪ್‌ಗಳಲ್ಲಿರುವ ಸೆಕ್ಯೂರ್‌ಆನ್ ಗುಪ್ತಪದವೂ ಜಾಲದ ಮೇಲೆ ಬಯಲಾಗಿಯೇ ಸಾಗುತ್ತದೆ.

ಸರಿಯಾದ ದಾರಿಯೆಂದರೆ ಮನೆಯಲ್ಲಿ ಸದಾ ಎಚ್ಚರವಿರುವ ಒಂದು ಸಣ್ಣ ಸಾಧನಕ್ಕೆ ಈ ಕೆಲಸ ಒಪ್ಪಿಸುವುದು. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರ್ ಆಗಬಹುದು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆಗಬಹುದು. ಟೇಲ್‌ಸ್ಕೇಲ್‌ನಂಥ ವಿಪಿಎನ್ ಹಂಚಿದ ಐಪಿ ವಿಳಾಸದ ಹಿಂದಿನಿಂದಲೂ ಅದನ್ನು ತಲುಪಬಲ್ಲದು. ಇಲ್ಲಿ ಅನೇಕರು ಎಡವುವ ಒಂದು ಸೂಕ್ಷ್ಮವಿದೆ: ವೈರ್‌ಗಾರ್ಡ್ ಎಂಬ ವಿಪಿಎನ್ ಮತ್ತು ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್‌ನಂಥ ವಿಪಿಎನ್‌ಗಳು ಬ್ರಾಡ್‌ಕಾಸ್ಟ್ ಅನ್ನು ಹೊತ್ತೊಯ್ಯುವುದಿಲ್ಲ. ಮೊಬೈಲಿನಲ್ಲಿ ವಿಪಿಎನ್ ಚಾಲೂ ಮಾಡಿ ಹಳೆಯ ಆ್ಯಪ್‌ನಿಂದಲೇ ಕರೆದರೆ ಏನೂ ಆಗದು. ವಿಪಿಎನ್ ಮೂಲಕ ಆ ಸಣ್ಣ ಸಾಧನದೊಳಗೆ ಹೊಕ್ಕು, ಅದರ ಕೈಯಿಂದಲೇ ಈಥರ್‌ವೇಕ್‌ನಂಥ ಆಜ್ಞೆಯಿಂದ ಕರೆಯಿಸಬೇಕು. ಊರಿಗೆ ಹೊರಡುವ ಮುನ್ನ ಮೊಬೈಲಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ, ಕಂಪ್ಯೂಟರ್ ಆರಿ ಕನಿಷ್ಠ ಅರ್ಧ ಗಂಟೆಯಾದ ಮೇಲೆ ಒಮ್ಮೆ ಪರೀಕ್ಷಿಸುವುದು ಅಗತ್ಯ. ಆರಿಸಿದ ಕೂಡಲೇ ಮಾಡಿದ ಪರೀಕ್ಷೆಯನ್ನು ಹಿಂದಿನ ಭಾಗದಲ್ಲಿ ಹೇಳಿದ ಕಾರಣಕ್ಕೆ ನಂಬುವಂತಿಲ್ಲ.

ಲಕ್ಷಣ: ಯಾರೂ ಕರೆಯದೆ ತಾನೇ ಎದ್ದು ಕೂರುತ್ತದೆ

ವಿಂಡೋಸ್‌ನ ಕಮ್ಯಾಂಡ್ ಕಿಟಕಿಯಲ್ಲಿ ಪವರ್‌ಸಿಎಫ್‌ಜಿ ಆಜ್ಞೆಯನ್ನು ‘ಲಾಸ್ಟ್‌ವೇಕ್’ ಆಯ್ಕೆಯೊಂದಿಗೆ ಓಡಿಸಿದರೆ ಕೊನೆಯ ಸಲ ಎಬ್ಬಿಸಿದ್ದು ಯಾವುದೆಂದು ತಿಳಿಯುತ್ತದೆ. ನೆಟ್‌ವರ್ಕ್ ಅಡಾಪ್ಟರಿನ ಹೆಸರು ಬಂದರೆ, ಅದು ಮ್ಯಾಜಿಕ್ ಪ್ಯಾಕೆಟ್ ಅಲ್ಲದೆ ಜಾಲದಲ್ಲಿ ಓಡಾಡುವ ಬೇರೆ ಸಂದೇಶಗಳಿಗೂ ಏಳುತ್ತಿದೆ ಎಂದರ್ಥ. ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಮ್ಯಾಜಿಕ್ ಪ್ಯಾಕೆಟ್‌ಗೆ ಮಾತ್ರ ಏಳಬೇಕೆನ್ನುವ ಗುರುತು ಹಾಕಬೇಕು. ಟೈಮರ್ ಅಥವಾ ಮೌಸ್‌ನ ಹೆಸರು ಬಂದರೆ ಈ ಕೈಪಿಡಿಗೂ ಅದಕ್ಕೂ ಸಂಬಂಧವಿಲ್ಲ.

ಲಕ್ಷಣ: ಎದ್ದಿದೆ, ಆದರೆ ದೂರದಿಂದ ಒಳಹೊಗಲು ಆಗುವುದಿಲ್ಲ

ಎದ್ದು ಎರಡು ನಿಮಿಷಕ್ಕೆ ಮತ್ತೆ ಮಲಗುತ್ತಿದ್ದರೆ ಅದು ವಿಂಡೋಸ್‌ನ ಸಹಜ ನಡವಳಿಕೆ. ಕೀಲಿಮಣೆ ಮುಟ್ಟದೆ, ಜಾಲದ ಕರೆಯಿಂದ ಎದ್ದ ಯಂತ್ರಕ್ಕೆ ಅದು ಮೊದಲಿನಿಂದಲೇ 2 ನಿಮಿಷಗಳ ಗಡುವನ್ನು ಇಟ್ಟಿರುತ್ತದೆ. ಎದ್ದೊಡನೆ ರಿಮೋಟ್ ಡೆಸ್ಕ್‌ಟಾಪ್‌ನಿಂದ ಒಳಹೊಕ್ಕರೆ ಸಾಮಾನ್ಯವಾಗಿ ಸಾಕು.

ಮತ್ತೆ ಮಲಗದಿದ್ದರೂ ಉತ್ತರ ಬಾರದಿದ್ದರೆ ಐಪಿ ವಿಳಾಸ ಬದಲಾಗಿರಬಹುದು; ರೂಟರಿನಲ್ಲಿ ಆ ಮ್ಯಾಕ್‌ಗೆ ಒಂದು ಐಪಿಯನ್ನು ಕಾಯ್ದಿರಿಸಬೇಕು. ಬಿಟ್‌ಲಾಕರ್‌ಗೆ ಪಿನ್ ಇಟ್ಟಿದ್ದರೆ, ಇಲ್ಲವೇ ಲಿನಕ್ಸ್‌ನ ಇಡೀ ಡಿಸ್ಕಿಗೆ ಗುಪ್ತಪದ ಹಾಕಿದ್ದರೆ, ಶಟ್‌ಡೌನ್‌ನಿಂದ ಎದ್ದ ಯಂತ್ರ ಖಾಲಿ ಕೋಣೆಯಲ್ಲಿ ಆ ಪದಕ್ಕಾಗಿ ಕಾಯುತ್ತಾ ನಿಂತಿರುತ್ತದೆ. ಅಂಥವರು ಶಟ್‌ಡೌನ್ ಬಿಟ್ಟು ನಿದ್ರೆಯನ್ನೇ ಬಳಸಬೇಕಾಗುತ್ತದೆ. ವಿಂಡೋಸ್‌ನ ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪ್‌ಗೆ ಅತಿಥೇಯನಾಗಲಾರದು ಎಂಬುದು ಎಷ್ಟೋ ಜನರಿಗೆ ಎಲ್ಲ ಕೆಲಸ ಮುಗಿದ ಮೇಲೆ ತಿಳಿಯುತ್ತದೆ.

ಎಲ್ಲಿ ನಿಲ್ಲಿಸಬೇಕು

ಕಚೇರಿಯ ಕಂಪ್ಯೂಟರ್ ಆಗಿದ್ದರೆ ದೀಪವನ್ನೂ ಮ್ಯಾಕ್ ವಿಳಾಸವನ್ನೂ ಪರೀಕ್ಷಿಸಿದ ಮೇಲೆ ಐಟಿ ವಿಭಾಗದವರ ಬಳಿಗೇ ಹೋಗಬೇಕು. ಅಲ್ಲಿ ಜಾಲವನ್ನು ಹಲವು ವಿಲ್ಯಾನ್‌ಗಳಾಗಿ, ಅಂದರೆ ಪರಸ್ಪರ ಬೇರೆಯಾದ ಒಳಜಾಲಗಳಾಗಿ, ಒಡೆದಿರುತ್ತಾರೆ, ಅವುಗಳ ನಡುವೆ ಸಂದೇಶ ದಾಟಿಸುವುದು ಅವರ ಕೈಯಲ್ಲಿ ಮಾತ್ರ ಇರುತ್ತದೆ. ಬಯಾಸ್ ಅಪ್‌ಡೇಟ್ ಮಾಡಿದರೆ ಸರಿಹೋಗಬಹುದೆಂಬ ಆಸೆ ಎಲ್ಲರಿಗೂ ಒಂದು ಹಂತದಲ್ಲಿ ಬರುತ್ತದೆ. ಅದರ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ನಿರುಪಯುಕ್ತವಾಗಬಹುದು, ಆದ್ದರಿಂದ ತಯಾರಕರು ಈ ದೋಷವನ್ನು ಹೆಸರಿಸಿ ಪರಿಹಾರ ಕೊಟ್ಟಿದ್ದರೆ ಮಾತ್ರ, ಅದೂ ಯುಪಿಎಸ್ ಇದ್ದಾಗ ಮಾತ್ರ, ಆ ಕೆಲಸಕ್ಕೆ ಇಳಿಯಬೇಕು.

ಗೋಡೆಯಲ್ಲಿ ವಿದ್ಯುತ್ತಿದ್ದು, ಇಆರ್‌ಪಿ ನಿಷ್ಕ್ರಿಯವಾಗಿದ್ದು, ಕೇಬಲ್ ಬದಲಿಸಿದರೂ ಆರಿದಾಗ ದೀಪ ಉರಿಯದಿದ್ದರೆ ಸಂಶಯ ಎಸ್‌ಎಂಪಿಎಸ್‌ನ ಸ್ಟ್ಯಾಂಡ್‌ಬೈ ಭಾಗದ ಮೇಲೆ ಹೋಗುತ್ತದೆ. ಪವರ್ ಗುಂಡಿಯನ್ನು ಎರಡು ಮೂರು ಸಲ ಒತ್ತಿದ ಮೇಲೆಯೇ ಯಂತ್ರ ಚಾಲೂ ಆಗುತ್ತಿದ್ದರೆ ಆ ಸಂಶಯ ಇನ್ನೂ ಗಟ್ಟಿ. ನೇರಳೆ ತಂತಿಯಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಅದನ್ನು ಅಳೆಯುವುದು ಮಲ್ಟಿಮೀಟರ್ ಬಳಸಿ ಪಳಗಿದವರ ಕೆಲಸ. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯಕ್ಕೆ ಸಾಲುವಷ್ಟು ವಿದ್ಯುತ್ತು ಉಳಿದಿರುತ್ತದೆ. ಸುಟ್ಟ ವಾಸನೆ ಬಂದರೆ ಅಥವಾ ಗುಡುಗು ಸಿಡಿಲಿನ ರಾತ್ರಿಯ ನಂತರ ಪೋರ್ಟ್ ಸತ್ತಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು. ಚಿಪ್ ಮಾತ್ರ ಕೆಟ್ಟಿದೆ ಎಂದು ಖಚಿತವಾದರೆ, ಸ್ಟ್ಯಾಂಡ್‌ಬೈನಲ್ಲಿ ಎಬ್ಬಿಸುವ ಸಾಮರ್ಥ್ಯವಿರುವ ಪಿಸಿಐ-ಇ ನೆಟ್‌ವರ್ಕ್ ಕಾರ್ಡ್ ಹಾಕಿಸುವುದು ಮದರ್‌ಬೋರ್ಡ್ ಬದಲಿಸುವುದಕ್ಕಿಂತ ಅಗ್ಗ.

ವೇಕ್-ಆನ್-ಲ್ಯಾನ್‌ಗೆ ಒಗ್ಗದ ಯಂತ್ರಕ್ಕೆ ಕೊನೆಯ ಉಪಾಯವೊಂದಿದೆ. ‘ರಿಸ್ಟೋರ್ ಎಸಿ ಪವರ್ ಲಾಸ್’ ಆಯ್ಕೆಯನ್ನು ‘ಪವರ್ ಆನ್’ಗೆ ಇಟ್ಟು, ಮೊಬೈಲಿನಿಂದ ನಿಯಂತ್ರಿಸುವ ಸ್ಮಾರ್ಟ್ ಪ್ಲಗ್ ಮೂಲಕ ವಿದ್ಯುತ್ತನ್ನು ಹತ್ತು ಸೆಕೆಂಡು ಕಡಿದು ಮರಳಿ ಕೊಟ್ಟರೆ ಯಂತ್ರ ಚಾಲೂ ಆಗುತ್ತದೆ. ಪ್ಲಗ್ ಕಂಪ್ಯೂಟರಿನ ಒಟ್ಟು ವ್ಯಾಟ್ ಹೊರುವಂತಿರಬೇಕು. ಯಂತ್ರ ನಿಜವಾಗಿ ಆರಿದೆಯೆಂದು ಖಚಿತಪಡಿಸಿಕೊಳ್ಳದೆ ವಿದ್ಯುತ್ತು ಕಡಿಯಬಾರದು. ‘ಇದ್ದೀಯಾ?’ ಎಂದು ಕೇಳುವ ಪಿಂಗ್ ಸಂದೇಶಕ್ಕೆ ಉತ್ತರ ಬಾರದಿರುವುದೊಂದೇ ಅದಕ್ಕೆ ಸಾಕ್ಷಿಯಲ್ಲ, ಏಕೆಂದರೆ ವಿಂಡೋಸ್ ಎಚ್ಚರವಿದ್ದಾಗಲೂ ಪಿಂಗ್‌ಗೆ ಉತ್ತರಿಸದಿರಬಹುದು. ಪ್ಲಗ್ ತೋರಿಸುವ ವ್ಯಾಟ್‌ನ ಅಂಕಿ ಸೊನ್ನೆಯ ಸಮೀಪಕ್ಕೆ ಇಳಿದಿದೆಯೇ ಎಂದು ನೋಡಿ ಮುಂದುವರಿಯಬೇಕು.